ಕೋಳಿ ಮೊಟ್ಟೆ ತಡವಾಯಿತು ಅಂತೀವಲ್ಲ, ಆ ಲೆಕ್ಕ ಎಲ್ಲಿಂದ ಬಂತು?

ಮರಿ ತಂದು ಐದು ತಿಂಗಳಾಯಿತು. ಮೈ ತುಂಬಿಕೊಂಡಿದೆ, ಕಾಳು ಚೆಲ್ಲಿದರೆ ಎಲ್ಲಕ್ಕಿಂತ ಮೊದಲು ಓಡಿ ಬರುವುದೂ ಅದೇ. ಮೊಟ್ಟೆ ಮಾತ್ರ ಇಲ್ಲ. ಪಕ್ಕದ ಮನೆಯ ಕೋಳಿ ಆಗಲೇ ಗೂಡು ಹುಡುಕುತ್ತಿದೆ, ನಮ್ಮದಕ್ಕೆ ಏನಾಗಿದೆ?

ಬರ, ಬೋರ್‌ವೆಲ್, ಪಡಿತರ ಅಂತ ವರದಿಗೆ ಹಳ್ಳಿ ಹಳ್ಳಿ ತಿರುಗುವಾಗ ಈ ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ಹೆಂಗಸರು. ಹಾಲಿನ ದುಡ್ಡು ಡೇರಿಯಿಂದ ಬ್ಯಾಂಕ್ ಖಾತೆಗೆ ಹೋಗುತ್ತದೆ, ರಾಗಿ ಶೇಂಗಾ ಮಾರಿದ ದುಡ್ಡು ಸಾಲಕ್ಕೆ ಸರಿಹೋಗುತ್ತದೆ. ಮೊಟ್ಟೆ ಮಾರಿದ ಹತ್ತಿಪ್ಪತ್ತು ರೂಪಾಯಿ ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ಸಾಸಿವೆ ಡಬ್ಬಿಗೆ ಬೀಳುತ್ತದೆ. ಹಾಗಾಗಿ ತಡವಾದ ಕೋಳಿಯ ಮೇಲೆ ಮನೆಯಲ್ಲಿ ಬೇಗ ತೀರ್ಪು ಬರುತ್ತದೆ. ನೆಂಟರು ಬಂದರೆ ಮೊದಲು ಕುತ್ತಿಗೆ ಹೋಗುವುದು ಅದರದ್ದು. ನೆಂಟರು ಬರದಿದ್ದರೆ ಮೊಪೆಡ್ಡಿಗೆ ಮಂಕರಿ ಕಟ್ಟಿಕೊಂಡು ಬರುವ ವ್ಯಾಪಾರಿ ಹೇಳಿದ ರೇಟಿಗೆ ಹೋಗುತ್ತದೆ. ಇನ್ನೊಂದು ತಿಂಗಳು ತಡೆದಿದ್ದರೆ ಮೊಟ್ಟೆ ಇಟ್ಟು, ಕಾವು ಕೂತು, ಹತ್ತು ಮರಿ ಮಾಡುತ್ತಿದ್ದ ಹ್ಯಾಟೆಗಳು ಹೀಗೆ ಬರೀ ಮಾಂಸದ ಬೆಲೆಗೆ ಹೋಗಿರುವುದನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ತಡ ಅನ್ನಬೇಕಾದರೆ ಒಂದು ಸರಿಯಾದ ಹೊತ್ತು ಅಂತ ಇರಬೇಕಲ್ಲ? ಆ ಹೊತ್ತನ್ನು ಗೊತ್ತು ಮಾಡಿದವರು ಯಾರು? ಐದು ತಿಂಗಳಿಗೆ ಮೊಟ್ಟೆ ಬರಲೇಬೇಕು ಅಂತ ನಮ್ಮ ಅಜ್ಜಿಯರು ಯಾರೂ ಹೇಳಿದ್ದಲ್ಲ. ಆ ಲೆಕ್ಕ ಬಹಳ ದೂರದಿಂದ, ನಮ್ಮ ಊರಿನ ಹವೆಗೆ ಸಂಬಂಧವೇ ಇಲ್ಲದ ಚಳಿ ದೇಶದಿಂದ ಬಂದದ್ದು. ಅದು ಬಂದ ದಾರಿಯನ್ನು ಸ್ವಲ್ಪ ಹಿಂದಿನಿಂದಲೇ ಹೇಳುತ್ತೇವೆ.

ಲೋಕದ ಸಾಕುಕೋಳಿಗಳ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಖಚಿತವಾಗಿ ಸಾಕುಕೋಳಿಯದೇ ಎನ್ನಬಹುದಾದ ಅತಿ ಹಳೆಯ ಮೂಳೆಗಳು ಸಿಕ್ಕಿದ್ದು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ, ಕ್ರಿ.ಪೂ. 1650ರಿಂದ 1250ರ ನಡುವಿನ ಪದರಗಳಲ್ಲಿ. ಆ ಸಂಶೋಧಕರ ವಾದ ನಮ್ಮಂಥ ಊರಿನವರಿಗೆ ತಟ್ಟನೆ ಅರ್ಥವಾಗುವಂಥದ್ದು. ಮಳೆಯಾಶ್ರಿತ ಭತ್ತ, ಸಿರಿಧಾನ್ಯ ಬೆಳೆಯತೊಡಗಿದ ಜನ ಕಾಳು ಚೆಲ್ಲಿದರು, ಆ ಕಾಳಿಗೆ ಕಾಡುಕೋಳಿ ಹತ್ತಿರ ಬಂತು, ಬಂದದ್ದು ಅಲ್ಲೇ ಉಳಿಯಿತು. ಕಣದ ಸುತ್ತ ಕೋಳಿ ಸೇರುವುದು ನಮಗೇನು ಹೊಸದೇ!

ಇಲ್ಲಿ ನಮ್ಮ ಕಡೆಯದೂ ಒಂದು ಪಾಲಿದೆ. ಪಶ್ಚಿಮ ಘಟ್ಟದಲ್ಲಿ ಕೂಗುವ ಬೂದು ಕಾಡುಕೋಳಿ ಬೇರೆ ಜಾತಿ. ಆದರೆ ಬಹಳಷ್ಟು ಸಾಕುಕೋಳಿಗಳ ಕಾಲು, ಚರ್ಮ ಹಳದಿಯಾಗಿರುತ್ತದಲ್ಲ, ಆ ಹಳದಿ ಬಣ್ಣದ ಗುಣ ಬಂದದ್ದು ಈ ಬೂದು ಕಾಡುಕೋಳಿಯ ಕಡೆಯಿಂದ ಅಂತ 2008ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ತೋರಿಸಿದರು. ನ್ಯೂಯಾರ್ಕಿನ ಫಾರಂ ಕೋಳಿಯ ಕಾಲಲ್ಲೂ ದಕ್ಷಿಣ ಭಾರತದ ಕಾಡು ಇದೆ.

ಕಾಡುಕೋಳಿ ಮೊಟ್ಟೆ ಇಡುವುದು ವರ್ಷಕ್ಕೊಂದು ಹಂಗಾಮಿನಲ್ಲಿ. ಹತ್ತು ಹದಿನೈದು ಮೊಟ್ಟೆ ಆದರೆ ಮುಗಿಯಿತು. ಮರಿಗಳಿಗೆ ಹುಳುಹುಪ್ಪಟೆ ಸಿಗುವ ಕಾಲ ಬಂದಾಗ ಮಾತ್ರ ಅದರ ಮೈ ತಯಾರಾಗುತ್ತದೆ. ಬೇಗ ಇಟ್ಟರೆ ಅದಕ್ಕೆ ಲಾಭವಿಲ್ಲ, ನಷ್ಟವೇ ಉಂಟು. ಹೊಟ್ಟೆಯೊಳಗೆ ಮೊಟ್ಟೆ ಕಟ್ಟುವುದೆಂದರೆ ಮೈಯ ಸಾರವನ್ನೇ ಹಿಂಡಿ ಕೊಟ್ಟಂತೆ. ಹಾಗಾಗಿ ಕಾಯುವುದು ಕೋಳಿಯ ಹುಟ್ಟುಗುಣ.

ಆ ಗುಣ ಸಡಿಲವಾದದ್ದು ಯಾವಾಗ? ಸಾಕುಕೋಳಿಗಳಲ್ಲಿ ಟಿಎಸ್‌ಎಚ್‌ಆರ್ ಎಂಬ ಒಂದು ವಂಶವಾಹಿ ಕಾಡುಕೋಳಿಯಲ್ಲಿ ಇರುವಂತೆ ಇಲ್ಲ, ಬದಲಾಗಿದೆ ಅಂತ 2010ರಲ್ಲಿ ಗೊತ್ತಾಯಿತು. ಹಗಲು ಉದ್ದವಾಗುವುದಕ್ಕೂ ಮೊಟ್ಟೆ ಶುರುವಾಗುವುದಕ್ಕೂ ನಂಟು ಇಡುವ ವ್ಯವಸ್ಥೆಯಲ್ಲಿ ಅದಕ್ಕೆ ಕೆಲಸವಿದೆ. ಬದಲಾದ ರೂಪ ಇರುವ ಕೋಳಿಗಳು ಬೇಗ ಮೊಟ್ಟೆ ಶುರು ಮಾಡುತ್ತವೆ, ಜಗಳವೂ ಕಡಿಮೆ. 2017ರಲ್ಲಿ ಇನ್ನೊಂದು ತಂಡ ಯುರೋಪಿನ ಹಳೆಯ ಕೋಳಿ ಮೂಳೆಗಳನ್ನು ಪರೀಕ್ಷಿಸಿ, ಈ ಗುಣವನ್ನು ಜನ ಜೋರಾಗಿ ಆರಿಸಿಕೊಳ್ಳತೊಡಗಿದ್ದು ಸುಮಾರು ಕ್ರಿ.ಶ. 920ರ ಹೊತ್ತಿಗೆ ಅಂತ ಅಂದಾಜು ಮಾಡಿತು. ಆಗ ಅಲ್ಲಿ ಪಟ್ಟಣಗಳು ಬೆಳೆಯುತ್ತಿದ್ದವು. ಕ್ರೈಸ್ತ ಮಠಗಳಲ್ಲಿ ಉಪವಾಸದ ದಿನ ನಾಲ್ಕು ಕಾಲಿನ ಪ್ರಾಣಿಯ ಮಾಂಸ ನಿಷಿದ್ಧ, ಕೋಳಿಗೂ ಮೊಟ್ಟೆಗೂ ಅಷ್ಟು ಕಟ್ಟುನಿಟ್ಟಿಲ್ಲ. ಇಕ್ಕಟ್ಟು ಹಿತ್ತಲಲ್ಲಿ ಜಗಳವಾಡದ, ಬೇಗ ಮೊಟ್ಟೆ ಕೊಡುವ ಕೋಳಿಗೆ ಬೇಡಿಕೆ ಬಂತು. ಮಠದ ಊಟದ ನಿಯಮ ಕೋಳಿಯ ರಕ್ತವನ್ನೇ ತಿದ್ದಿತು ಅಂದರೆ ಉತ್ಪ್ರೇಕ್ಷೆ ಅನ್ನಿಸಬಹುದು. ಆದರೂ ಮನುಷ್ಯನ ಊಟಕ್ಕೂ ಹ್ಯಾಟೆಯ ಮೊದಲ ಮೊಟ್ಟೆಗೂ ನಂಟು ಇಷ್ಟು ಹಳೆಯದು.

ಆದರೂ ದಿನ ಎಣಿಸುವ ಚಾಳಿ ಆಗ ಇರಲಿಲ್ಲ. ನಮ್ಮಲ್ಲೂ ಇರಲಿಲ್ಲ. ನಾಟಿ ಹ್ಯಾಟೆ ಆರು ತಿಂಗಳಿಗೆ ಶುರು ಮಾಡಿದರೂ ಸರಿ, ಎಂಟು ತಿಂಗಳಾದರೂ ಸರಿ. ಶುರುವಾದ ಮೇಲೆ ಹತ್ತು ಹದಿನೈದು ಮೊಟ್ಟೆ, ಆಮೇಲೆ 21 ದಿನ ಕಾವು, ಆಮೇಲೆ ಎರಡು ಮೂರು ತಿಂಗಳು ಮರಿ ಹಿಂದೆ ಹಾಕಿಕೊಂಡು ತಿರುಗಾಟ. ಹದ್ದು ಬಂದರೆ ರೆಕ್ಕೆಯೊಳಗೆ, ಬೆಕ್ಕು ಬಂದರೆ ಮೈಮೇಲೆ. ಹೀಗೆ ವರ್ಷಕ್ಕೆ ಮೂರು ಸುತ್ತು, ಹೆಚ್ಚೆಂದರೆ ನಾಲ್ಕು. ಒಟ್ಟು ನಲವತ್ತರಿಂದ ಎಪ್ಪತ್ತು ಮೊಟ್ಟೆ. ಮನೆಯವರು ಎಣಿಸುತ್ತಿದ್ದದ್ದು ಮರಿಗಳನ್ನು, ಮೊಟ್ಟೆಗಳನ್ನಲ್ಲ. ಪಾಲಿಗೆ ಸಾಕಲು ಕೊಟ್ಟ ಹ್ಯಾಟೆಯ ಲೆಕ್ಕವೂ ಮರಿಯಲ್ಲೇ ತೀರುತ್ತಿತ್ತು. ಈ ಲೆಕ್ಕದಲ್ಲಿ ಮೊದಲ ಮೊಟ್ಟೆ ಒಂದು ತಿಂಗಳು ಹಿಂದೆ ಮುಂದೆ ಆದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ದಿನ ಎಣಿಸುವುದು ಶುರುವಾದದ್ದು ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಚಳಿಯ ದೆಸೆಯಿಂದ.

ಅಲ್ಲಿ ಚಳಿಗಾಲದ ಹಗಲು ಸುಮಾರು 9 ಗಂಟೆಗೆ ಇಳಿಯುತ್ತದೆ, ಬೇಸಿಗೆಯಲ್ಲಿ 15 ಗಂಟೆ ಮೀರುತ್ತದೆ. ಕೋಳಿ ಮರಿ ಮಾಡುತ್ತಿದ್ದದ್ದು ಚಳಿ ಕಳೆದ ಮೇಲೆ, ಮಾರ್ಚ್ ಏಪ್ರಿಲ್‌ನಲ್ಲಿ. ಆ ಮರಿ ಬೆಳೆದು ಅಕ್ಟೋಬರ್ ಒಳಗೆ ಮೊಟ್ಟೆ ಶುರು ಮಾಡಿದರೆ ಸರಿ. ತಡವಾಗಿ ಹಗಲು ಚಿಕ್ಕದಾಯಿತೋ, ಹಲವು ಹ್ಯಾಟೆಗಳು ಮತ್ತೆ ಚಳಿ ಕಳೆಯುವವರೆಗೆ ಕೂತುಬಿಡುತ್ತಿದ್ದವು. ರೈತ ಮೂರು ನಾಲ್ಕು ತಿಂಗಳು ಸುಮ್ಮನೆ ಕಾಳು ಹಾಕಬೇಕು. ಅದೂ ಯಾವಾಗ? ಪೇಟೆಯಲ್ಲಿ ಮೊಟ್ಟೆಗೆ ಅತಿ ಹೆಚ್ಚು ಬೆಲೆ ಇರುವ ಕಾಲದಲ್ಲಿ. ಕೊಂಡಿಟ್ಟ ಶೀತಲ ಪೆಟ್ಟಿಗೆ ಮನೆಮನೆಗೆ ಬಂದಿರದ ಕಾಲ ಅದು. ಚಳಿಗಾಲದ ತಾಜಾ ಮೊಟ್ಟೆ ಅಂದರೆ ದುಡ್ಡು.

ಹೀಗೆ ಕಾಲೇಜುಗಳು, ಸರ್ಕಾರಿ ಪ್ರಯೋಗ ಕೇಂದ್ರಗಳು ಇದಕ್ಕೆ ಕೈಹಾಕಿದವು. ಮೇನ್ ರಾಜ್ಯದ ಪ್ರಯೋಗ ಕೇಂದ್ರದಲ್ಲಿ 1898ರ ಹೊತ್ತಿಗೆ ಬಾಗಿಲಿನ ಗೂಡು ಬಳಕೆಗೆ ಬಂತು. ಕೋಳಿ ಒಳಗೆ ಹೋದರೆ ಬಾಗಿಲು ತಾನೇ ಬೀಳುತ್ತದೆ. ಆಳು ಬಂದು ಬಾಗಿಲು ತೆಗೆದು, ಕಾಲಿನ ನಂಬರ್ ಬಳೆ ನೋಡಿ, ಇಂಥ ದಿನ ಇಂಥ ಕೋಳಿಯ ಮೊಟ್ಟೆ ಇದು ಅಂತ ಬರೆದುಕೊಂಡು ಹೊರಗೆ ಬಿಡುತ್ತಾನೆ. ನೋಡಲು ಇಲಿಬೋನಿನ ಅಣ್ಣನಂತೆ ಇರುವ ಈ ಪೆಟ್ಟಿಗೆ ಕೋಳಿಯ ಚರಿತ್ರೆಯನ್ನೇ ಬದಲಿಸಿತು ಎನ್ನುವುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ ಮೊಟ್ಟೆ ಮನೆಯ ಬುಟ್ಟಿಯದು. ಅಲ್ಲಿಂದ ಮುಂದೆ ಒಂದೊಂದು ಕೋಳಿಗೂ ಒಂದೊಂದು ಖಾತೆ. ಒಳ್ಳೆಯದು ಯಾವುದು, ಸೋಮಾರಿ ಯಾವುದು ಅನ್ನುವುದು ಪುಸ್ತಕದಲ್ಲಿ ಬಿತ್ತು. 1913ರಲ್ಲಿ ಆರೆಗಾನ್ ಕೃಷಿ ಕಾಲೇಜಿನ ಹ್ಯಾಟೆಯೊಂದು ಒಂದೇ ವರ್ಷದಲ್ಲಿ 303 ಮೊಟ್ಟೆ ಇಟ್ಟು ಹೆಸರಾಯಿತು. ಅದಕ್ಕೆ ಲೇಡಿ ಮ್ಯಾಕ್‌ಡಫ್ ಅಂತ ರಾಣಿಯಂಥ ಹೆಸರು ಬೇರೆ! ಅಮೆರಿಕದ ಸಾಮಾನ್ಯ ಕೋಳಿ ಆಗ ವರ್ಷಕ್ಕೆ ನೂರರ ಆಸುಪಾಸು ಇಟ್ಟರೆ ಹೆಚ್ಚು.

ನಮ್ಮ ವಿಷಯಕ್ಕೆ ನೇರ ಸಂಬಂಧ ಇರುವುದು ಮ್ಯಾಸಚೂಸೆಟ್ಸ್ ಪ್ರಯೋಗ ಕೇಂದ್ರದ ಕೆಲಸ. ಅಲ್ಲಿ ಗುಡೇಲ್ ಎಂಬ ವಿಜ್ಞಾನಿ, ಅವರ ನಂತರ ಹೇಸ್ ಎಂಬುವರು ರೋಡ್ ಐಲೆಂಡ್ ರೆಡ್ ಎಂಬ ಕೆಂಪು ಕೋಳಿಯ ಮೇಲೆ ವರ್ಷಗಟ್ಟಲೆ ಲೆಕ್ಕ ಇಟ್ಟರು. ಹ್ಯಾಟೆ ವರ್ಷಕ್ಕೆ ಎಷ್ಟು ಮೊಟ್ಟೆ ಇಡುತ್ತದೆ ಅನ್ನುವುದು ಒಂದೇ ಗುಣವಲ್ಲ, ಐದು ಬೇರೆ ಬೇರೆ ಗುಣ ಸೇರಿ ಆಗುವುದು ಅಂತ ಬಿಡಿಸಿದರು. ಬೇಗ ಶುರು ಮಾಡುವುದು, ಬಿಡುವಿಲ್ಲದೆ ಇಡುವುದು, ಚಳಿಯಲ್ಲಿ ನಿಲ್ಲಿಸದಿರುವುದು, ಕಾವು ಕೂರದಿರುವುದು, ವರ್ಷದ ಕೊನೆಯವರೆಗೂ ಬಿಡದೆ ಇಡುವುದು. ಪಟ್ಟಿಯಲ್ಲಿ ಬೇಗ ಶುರು ಮಾಡುವುದಕ್ಕೇ ಮೊದಲ ಜಾಗ. ಹೇಸ್ ಅವರ ಲೆಕ್ಕದಲ್ಲಿ 215 ದಿನದೊಳಗೆ ಮೊದಲ ಮೊಟ್ಟೆ ಇಟ್ಟದ್ದು ಬೇಗ, ಅದು ದಾಟಿದ್ದು ತಡ.

ಆ ಅಂಕಿಯನ್ನು ಇನ್ನೊಮ್ಮೆ ನೋಡಿ. 215 ದಿನ ಅಂದರೆ ಏಳು ತಿಂಗಳು. ಆ ಕಾಲದ ಅಮೆರಿಕದಲ್ಲಿ, ಆಯ್ದು ಸಾಕಿದ ಕೋಳಿಗೆ, ಗೋದಿ ಜೋಳ ತೂಗಿ ಹಾಕುತ್ತಿದ್ದ ಫಾರಂನಲ್ಲಿ, ಏಳು ತಿಂಗಳಿಗೆ ಮೊಟ್ಟೆ ಇಟ್ಟದ್ದು ಬೇಗ ಅನ್ನಿಸಿಕೊಂಡಿತ್ತು. ಇಂದು ನಮ್ಮ ಹಿತ್ತಲಲ್ಲಿ ಕೆದಕಿ ತಿನ್ನುವ ನಾಟಿ ಹ್ಯಾಟೆ ಏಳು ತಿಂಗಳಿಗೆ ಇಟ್ಟರೆ ಅದಕ್ಕೆ ಬೈಗುಳ.

ಆ ಪಟ್ಟಿಯ ನಾಲ್ಕನೆಯ ಗುಣ ನಮ್ಮ ಕಡೆಯ ಹೆಂಗಸರಿಗೆ ಓದಿ ಹೇಳಿದರೆ ನಗುತ್ತಾರೆ. ಕಾವು ಕೂರದ ಹ್ಯಾಟೆ ಅವರ ಕಣ್ಣಿಗೆ ಹ್ಯಾಟೆಯೇ ಅಲ್ಲ.

ತಳಿ ಆರಿಸಿದ್ದು ಒಂದು ದಾರಿ. ಇನ್ನೊಂದು ದಾರಿ ದೀಪ. 1920ರ ಆಸುಪಾಸಿಗೆ ಅಮೆರಿಕದ ಕೃಷಿ ಕಾಲೇಜುಗಳು ಚಳಿಗಾಲದಲ್ಲಿ ಕೋಳಿಮನೆಗೆ ದೀಪ ಹಾಕಿ ಅಂತ ರೈತರಿಗೆ ಹೇಳತೊಡಗಿದ್ದವು. ದೀಪ ಹಾಕಿದರೆ ಮೊಟ್ಟೆ ಹೆಚ್ಚುತ್ತಿತ್ತು. ಬೆಳಕಿದ್ದರೆ ಹೆಚ್ಚು ಹೊತ್ತು ಮೇಯುತ್ತವೆ, ಅದಕ್ಕೇ ಅಂತ ಜನ ಅಂದುಕೊಂಡರು. ಕಾರಣ ಅದಷ್ಟೇ ಅಲ್ಲ. ಕೆನಡಾದಲ್ಲಿ ವಿಲಿಯಂ ರೋವನ್ ಎಂಬುವರು 1920ರ ದಶಕದಲ್ಲಿ ಕಡು ಚಳಿಯಲ್ಲಿ ಸಣ್ಣ ಕಾಡುಹಕ್ಕಿಗಳ ಪಂಜರಕ್ಕೆ ಬಲ್ಬ್ ಹಾಕಿ, ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸುತ್ತಾ ಹೋದರು. ಹೊರಗೆ ಹಿಮ, ಒಳಗೆ ಹಕ್ಕಿಗಳ ಮೈ ಮರಿ ಮಾಡುವ ಕಾಲಕ್ಕೆ ತಯಾರಾಗಿತ್ತು. 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಬಾತುಕೋಳಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ವಿಚಿತ್ರ. ಕಣ್ಣು ಕಾಣದ ಬಾತಿಗೂ ಬೆಳಕು ನಾಟುತ್ತದೆ ಅಂತ ಅವರು ತೋರಿಸಿದರು. ಗಾಜಿನಂಥ ಸ್ಫಟಿಕದ ಕಡ್ಡಿಯಲ್ಲಿ ಬೆಳಕನ್ನು ನೇರವಾಗಿ ಮಿದುಳಿನ ಬುಡಕ್ಕೆ ಹಾಯಿಸಿದರೂ ಫಲ ಬಂತು. ಹಕ್ಕಿಯ ತಲೆಬುರುಡೆ ತೆಳು, ಬೆಳಕು ಅದನ್ನು ದಾಟಿ ಒಳಗೆ ಹೋಗುತ್ತದೆ. ಅಲ್ಲಿಂದ ಹೊರಡುವ ಸುದ್ದಿ ಮೊಟ್ಟೆಚೀಲಕ್ಕೆ ಮುಟ್ಟುತ್ತದೆ.

ಕೊನೆಯ ಗಂಟು ಬಿಡಿಸಿದ್ದು ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಮಾರಿಸ್. 1958ರಲ್ಲಿ ಅವರೂ ಫಾಕ್ಸ್ ಎಂಬುವರೂ ಪ್ರಕಟಿಸಿದ ಲೇಖನದ ತಿರುಳು ಇಷ್ಟು: ಹಗಲು ಎಷ್ಟು ಉದ್ದ ಅನ್ನುವುದಕ್ಕಿಂತ, ಮರಿ ಬೆಳೆಯುವಾಗ ಹಗಲು ಉದ್ದವಾಗುತ್ತಿದೆಯೋ ಚಿಕ್ಕದಾಗುತ್ತಿದೆಯೋ ಅನ್ನುವುದು ಮುಖ್ಯ. ಹಗಲು ಬೆಳೆಯುವ ಕಾಲದಲ್ಲಿ ದೊಡ್ಡದಾದ ಹ್ಯಾಟೆ ಬೇಗ ಇಡುತ್ತದೆ, ಹಗಲು ಕುಗ್ಗುವ ಕಾಲದಲ್ಲಿ ದೊಡ್ಡದಾದದ್ದು ತಡ ಮಾಡುತ್ತದೆ. ಅಲ್ಲಿಂದಾಚೆಗೆ ಫಾರಂಗಳಲ್ಲಿ ಬೆಳಕು ಒಂದು ಮೇವಿನಂತೆ ಅಳತೆಯ ವಸ್ತುವಾಯಿತು. ಮರಿ ಇರುವಾಗ ಕಡಿಮೆ ಬೆಳಕು, ಮೈ ತೂಕ ಬಂದ ಮೇಲೆ ವಾರವಾರ ಹೆಚ್ಚಿಸುತ್ತಾ ಕೊನೆಗೆ 16 ಗಂಟೆ. ಗಡಿಯಾರ ಕೋಳಿಯ ಕೈಯಿಂದ ಮಾಲೀಕನ ಕೈಗೆ ಬಂತು.

ಈ ವಿದ್ಯೆಯೆಲ್ಲ ನಮ್ಮ ದೇಶಕ್ಕೆ ಬಂದದ್ದು ಬಿಳಿ ಲೆಗ್‌ಹಾರ್ನ್ ಕೋಳಿಯ ಜೊತೆ. ಹೆಸರು ಇಟಲಿಯ ಲಿವೊರ್ನೊ ಬಂದರಿನದು, ಇಂಗ್ಲಿಷರ ಬಾಯಲ್ಲಿ ಲೆಗ್‌ಹಾರ್ನ್ ಆಯಿತು. 19ನೇ ಶತಮಾನದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿ ಮೊಟ್ಟೆಯಂತ್ರವಾಗಿ ತಿರುಗಿ ಲೋಕವೆಲ್ಲ ಸುತ್ತಿತು. ನಮ್ಮಲ್ಲಿ ಸ್ವಾತಂತ್ರ್ಯದ ನಂತರದ ಯೋಜನೆಗಳಲ್ಲಿ ಸರ್ಕಾರಿ ಕೋಳಿ ಫಾರಂಗಳು ಎದ್ದವು. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಕೇಂದ್ರ ಬಂತು. 1960ರ ದಶಕದಲ್ಲಿ ಅನ್ವಯಿಕ ಪೌಷ್ಟಿಕಾಂಶ ಕಾರ್ಯಕ್ರಮ ಅಂತ ಒಂದು ನಡೆಯಿತು. ಹಳ್ಳಿಯ ತಾಯಂದಿರಿಗೆ, ಮಕ್ಕಳಿಗೆ ಮೊಟ್ಟೆ ಸಿಗಲಿ ಅಂತ ಊರೂರಲ್ಲಿ ಕೋಳಿ ಘಟಕ ಮಾಡಿಸುವುದು ಅದರ ಒಂದು ಭಾಗ. 1971ರಲ್ಲಿ ಡಾ. ಬಿ.ವಿ. ರಾವ್ ಪುಣೆಯಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಶುರು ಮಾಡಿದರು, 1982ರಲ್ಲಿ ಮೊಟ್ಟೆ ದರ ಹೇಳುವ ಎನ್‌ಇಸಿಸಿ ಹುಟ್ಟಿತು. ಇವತ್ತಿಗೂ ಪೇಪರಿನಲ್ಲಿ, ಮೊಬೈಲಿನಲ್ಲಿ ನೀವು ನೋಡುವ ಮೊಟ್ಟೆ ದರ ಅವರದ್ದೇ.

ಈಗಿನ ಫಾರಂ ಕೋಳಿ ಹದಿನೆಂಟು ಹತ್ತೊಂಬತ್ತು ವಾರಕ್ಕೆ, ಅಂದರೆ ನಾಲ್ಕೂಕಾಲು ತಿಂಗಳಿಗೆ ಮೊಟ್ಟೆ ಶುರು ಮಾಡುತ್ತದೆ. ಇಪ್ಪತ್ತೊಂದು ವಾರದ ಹೊತ್ತಿಗೆ ಶೆಡ್ಡಿನ ಅರ್ಧದಷ್ಟು ಕೋಳಿ ಮೊಟ್ಟೆಗೆ ಬಂದಿರುತ್ತವೆ. 72 ವಾರ ತುಂಬುವಷ್ಟರಲ್ಲಿ ಮುನ್ನೂರು ದಾಟುತ್ತದೆ. ನಮ್ಮ ತಲೆಯಲ್ಲಿ ಕೂತಿರುವ ಐದು ತಿಂಗಳ ಲೆಕ್ಕ ಬಂದದ್ದು ಈ ಶೆಡ್ಡಿನಿಂದ. ಶೆಡ್ಡಿನ ತೂಗಿದ ಮೇವು, ಶೆಡ್ಡಿನ ಬೆಳಕು, ನೂರು ವರ್ಷ ಆರಿಸಿದ ರಕ್ತ ಯಾವುದೂ ನಮ್ಮ ಹಿತ್ತಲಿಗೆ ಬರಲಿಲ್ಲ. ದಿನದ ಲೆಕ್ಕ ಮಾತ್ರ ಬಂತು.

ಇವೆರಡರ ನಡುವೆ ಒಂದು ದಾರಿ ಹುಡುಕಿದ್ದು ಹೆಬ್ಬಾಳದವರು. ಅಲ್ಲಿನ ಪಶುವೈದ್ಯಕೀಯ ಕಾಲೇಜು ಆಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿತ್ತು. ಹಿತ್ತಲಲ್ಲಿ ಬದುಕಬೇಕು, ಬಣ್ಣ ನಾಟಿಯಂತೆ ಇರಬೇಕು, ಮೊಟ್ಟೆ ನಾಟಿಗಿಂತ ಹೆಚ್ಚಿರಬೇಕು ಅಂತ ರೂಪಿಸಿದ್ದೇ ಗಿರಿರಾಜ. ಅದರ ಹ್ಯಾಟೆ ಐದೂವರೆ ತಿಂಗಳ ಆಸುಪಾಸಿಗೆ ಶುರು ಮಾಡಿ ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ. ಕಾಲೇಜು ಬೀದರಿನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ 2005ರಲ್ಲಿ ಸ್ವರ್ಣಧಾರಾ ಬಂತು. ಅದು 22, 23 ವಾರಕ್ಕೆ ಶುರು ಮಾಡುತ್ತದೆ, ವರ್ಷಕ್ಕೆ 180ರಿಂದ 190. ಹೆಸರಘಟ್ಟದ ಕೇಂದ್ರದ್ದು ಕಾವೇರಿ. ಗಮನಿಸಿ, ಇವೆಲ್ಲ ಒಳ್ಳೆಯ ಆರೈಕೆಯಲ್ಲಿ ಬರುವ ಅಂಕಿ. ಹಿತ್ತಲಲ್ಲಿ ಇನ್ನೊಂದು ತಿಂಗಳು ಸೇರಿಸಿಕೊಂಡೇ ನೋಡಬೇಕು. ಗಿರಿರಾಜ ಕಾವು ಕೂರುವುದು ಕಡಿಮೆ, ಹಾಗಾಗಿ ಅದರ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗೆ ಇಟ್ಟು ಮರಿ ಮಾಡಿಸುತ್ತಾರೆ. ಹೊಸ ತಳಿಗೂ ಹಳೆಯ ತಾಯಿಯೇ ಬೇಕಾಯಿತು.

ಬೇಗ ಶುರು ಮಾಡಿದ್ದಕ್ಕೆ ಬೆಲೆಯೂ ಇದೆ, ಅದನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲ. ಮೊದಲ ಮೊಟ್ಟೆಗೆ ಸುಮಾರು ಎರಡು ವಾರ ಮೊದಲೇ ಹ್ಯಾಟೆ ತನ್ನ ಮೂಳೆಯ ಟೊಳ್ಳಿನಲ್ಲಿ ಸುಣ್ಣ ಕೂಡಿಡತೊಡಗುತ್ತದೆ. ಒಂದೊಂದು ಸಿಪ್ಪೆಗೂ ಎರಡು ಗ್ರಾಂ ಮೀರಿದ ಸುಣ್ಣದಂಶ ಬೇಕು. ಮೈ ಬಲಿಯುವ ಮೊದಲೇ ಬೆಳಕು ತೋರಿಸಿ ಮೊಟ್ಟೆಗೆ ಎಳೆದರೆ ಮೊಟ್ಟೆ ಸಣ್ಣದಾಗುತ್ತದೆ, ಕೆಲವಕ್ಕೆ ಹಿಂಭಾಗ ಹೊರಬರುತ್ತದೆ, ಬೇರೆ ಕೋಳಿಗಳು ಅದನ್ನು ಕುಕ್ಕಿ ಸಾಯಿಸುತ್ತವೆ. ವರ್ಷವಿಡೀ ಇಟ್ಟ ಫಾರಂ ಕೋಳಿಯ ಎದೆಮೂಳೆ ಸೀಳಿರುವುದು ಲೋಕದಾದ್ಯಂತ ಕಂಡುಬರುವ ತೊಂದರೆ. ಮೊಟ್ಟೆ ಕಡಿಮೆಯಾದ ಮೇಲೆ ಅದೇ ಕೋಳಿ ಲಾರಿಯಲ್ಲಿ ಬಂದು ಅಗ್ಗದ ರೇಟಿಗೆ ಮಾಂಸವಾಗುತ್ತದೆ. ನಾಟಿ ಹ್ಯಾಟೆ ತಡವಾಗಿ ಶುರು ಮಾಡಿ ಮೂರು ನಾಲ್ಕು ವರ್ಷ ಮರಿ ಮಾಡಿಕೊಂಡಿರುತ್ತದೆ. ಎರಡರಲ್ಲಿ ಯಾವುದು ಮೇಲು ಅನ್ನುವುದು ನಿಮಗೆ ಬೇಕಾದದ್ದು ಮೊಟ್ಟೆಯೋ ಮರಿಯೋ ಅನ್ನುವುದರ ಮೇಲೆ ನಿಂತಿದೆ.

ನಿಜವಾಗಿಯೂ ತಡವಾಗುವುದುಂಟು. ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಕಾರಣ ಹುಡುಕಬೇಕಾದ ಜಾಗ ಬೇರೆ.

ನಮ್ಮ ಕಡೆ ಕಣ ಹೋಯಿತು. ಮೊದಲು ರಾಗಿ ಒಕ್ಕಣೆ ಅಂದರೆ ಕೋಳಿಗಳಿಗೆ ತಿಂಗಳ ಹಬ್ಬ. ಈಗ ಯಂತ್ರ ಹೊಲದಲ್ಲೇ ಕೊಯ್ದು ಚೀಲಕ್ಕೆ ತುಂಬುತ್ತದೆ, ಇಲ್ಲವೇ ತಾರು ರಸ್ತೆಯ ಮೇಲೆ ಒಕ್ಕಣೆ, ಲಾರಿ ಚಕ್ರದ ಕೆಳಗೆ ಮೇಯಲು ಕೋಳಿಗೆ ಧೈರ್ಯವೆಲ್ಲಿ? ತಿಪ್ಪೆಗೆ ಪ್ಲಾಸ್ಟಿಕ್ ಸೇರಿತು, ಅಂಗಳಕ್ಕೆ ಸಿಮೆಂಟ್ ಬಂತು, ಹುಳು ಕಡಿಮೆಯಾಯಿತು. ಕೋಳಿ ಮೊಟ್ಟೆ ಶುರು ಮಾಡುವುದು ವಯಸ್ಸು ನೋಡಿ ಮಾತ್ರವಲ್ಲ, ಮೈಯ ಕೂಡಿಕೆ ನೋಡಿ. ಮೇವು ಸಾಲದ ಹ್ಯಾಟೆ ಕಾಯುತ್ತದೆ. ಹೊಟ್ಟೆಹುಳು ಇದ್ದರಂತೂ ತಿಂದದ್ದೂ ಮೈಗೆ ಹತ್ತುವುದಿಲ್ಲ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಹುಳುವಿನ ಔಷಧ ಕೇಳಿ. ಮೊಟ್ಟೆ ಕೋಳಿಯ ಮೇವನ್ನು ಮರಿಗೆ ಹಾಕಿದರೆ ಬೇಗ ಇಡುತ್ತದೆ ಅಂತ ಕೆಲವರು ಹಾಕುತ್ತಾರೆ. ಅದರಲ್ಲಿ ಸುಣ್ಣ ಹೆಚ್ಚು, ಎಳೆ ಮರಿಯ ಮೂತ್ರಪಿಂಡಕ್ಕೆ ಕೆಡುಕು. ಜುಟ್ಟು ಕೆಂಪೇರಿದ ಮೇಲೆ ಹಾಕಿದರೆ ಸಾಕು. ಮೊಟ್ಟೆ ಸಿಪ್ಪೆ ಕುಟ್ಟಿ ಹಾಕಿದರೂ ನಡೆಯುತ್ತದೆ.

ಬೆಳಕಿನ ಮಾತು. ಬೆಂಗಳೂರು ತುಮಕೂರಿನ ಕಡೆ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ಉದ್ದದ್ದು 13 ಗಂಟೆಗೆ ಕೊಂಚ ಕಡಿಮೆ. ವ್ಯತ್ಯಾಸ ಒಂದೂವರೆ ಗಂಟೆ. ಮ್ಯಾಸಚೂಸೆಟ್ಸಿನಂತೆ ನಮ್ಮ ಕೋಳಿ ಚಳಿಗಾಲಕ್ಕೆ ಪೂರ್ತಿ ನಿಲ್ಲಬೇಕಾಗಿಲ್ಲ. ಆದರೂ ಮೇ ಜೂನ್‌ನಲ್ಲಿ ಒಡೆದ ಮರಿ ಕುಗ್ಗುವ ಹಗಲಿನಲ್ಲಿ ಬೆಳೆಯುತ್ತದೆ, ನವೆಂಬರ್‌ನಲ್ಲಿ ಒಡೆದದ್ದು ಬೆಳೆಯುವ ಹಗಲಿನಲ್ಲಿ. ಒಂದೇ ತಾಯಿಯ ಎರಡು ಸೂಲಿನ ಮರಿಗಳು ಬೇರೆ ಬೇರೆ ವಯಸ್ಸಿಗೆ ಶುರು ಮಾಡಿದರೆ ದೃಷ್ಟಿ ತಗುಲಿದೆ ಅಂದುಕೊಳ್ಳಬೇಡಿ. ಇನ್ನು ಜಗಲಿಯ ಮೂಲೆಯಲ್ಲಿ ಕೋಳಿ ಕೂಡುವ ಮನೆಗಳಲ್ಲಿ ರಾತ್ರಿ ಧಾರಾವಾಹಿ ಮುಗಿಯುವವರೆಗೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಅಲ್ಲಿ ರೀಡಿಂಗ್ ವಿಶ್ವವಿದ್ಯಾಲಯದ ಪಾಠ ಯಾರಿಗೂ ತಿಳಿಯದೆ ನಡೆಯುತ್ತಿದೆ.

ವಯಸ್ಸಿನ ಎಣಿಕೆಯಲ್ಲೇ ಬರುವ ಎಡವಟ್ಟೂ ಇದೆ. ಇಲಾಖೆಯಿಂದ ಕೊಡುವ ಮರಿಗೆ ಆಗಲೇ ಐದು ವಾರ ಆಗಿರುತ್ತದೆ, ಸಂತೆಯಲ್ಲಿ ತಂದದ್ದಕ್ಕೆ ಎಷ್ಟು ಅಂತ ಮಾರುವವನು ಹೇಳಿದ್ದೇ ಲೆಕ್ಕ. ಎರಡು ತಿಂಗಳದ್ದು ಅಂದಿದ್ದರೆ ಅದು ಒಂದೂವರೆಯೂ ಇರಬಹುದು. ಮನೆಯಲ್ಲೇ ಒಡೆದ ಮರಿಯಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಒಡೆದ ದಿನಕ್ಕೆ ಒಂದು ಗುರುತು ಹಾಕಿಬಿಡಿ.

ಮಾರುವ ಮೊದಲು ಹ್ಯಾಟೆಯನ್ನು ಕೈಗೆತ್ತಿಕೊಂಡು ನೋಡಬಹುದು. ಹಿಂಭಾಗದ ಎರಡೂ ಕಡೆ ಚೂಪಾಗಿ ಸಿಗುವ ಎರಡು ಮೂಳೆಗಳ ನಡುವೆ ಒಂದು ಬೆರಳೂ ಹಿಡಿಸದಿದ್ದರೆ ಇನ್ನೂ ದೂರ. ಎರಡು ಬೆರಳು ಸಲೀಸಾಗಿ ಕೂತರೆ, ಜುಟ್ಟು ಕೆಂಪಾಗಿ ದಪ್ಪವಾಗಿದ್ದರೆ, ಕೈ ಚಾಚಿದರೆ ನೆಲಕ್ಕೆ ಅಮರಿ ಕೂತರೆ, ಮೊಟ್ಟೆ ಹತ್ತಿರ ಬಂದಿದೆ. ಈ ಬೆರಳಿನ ಅಳತೆಯನ್ನು ಅಮೆರಿಕದಲ್ಲಿ ವಾಲ್ಟರ್ ಹೋಗನ್ ಎಂಬಾತ 20ನೇ ಶತಮಾನದ ಆರಂಭದಲ್ಲಿ ಪುಸ್ತಕ ಬರೆದು ಪ್ರಚಾರ ಮಾಡಿದ. ನಮ್ಮ ಹಳ್ಳಿಯ ಹೆಂಗಸರು ಬೆಳಗ್ಗೆ ಮಂಕರಿ ಎತ್ತುವಾಗ ಕೋಳಿಗೆ ಬೆರಳು ಹಾಕಿ, ಇವತ್ತು ಮೊಟ್ಟೆ ಇದೆಯೋ ಇಲ್ಲವೋ ನೋಡಿ ಹೊರಗೆ ಬಿಡುತ್ತಾರಲ್ಲ, ಅದಕ್ಕೆ ಪುಸ್ತಕವೇ ಇಲ್ಲ.

ಮೂಳೆ ಅಗಲವಾಗಿದೆ, ಜುಟ್ಟು ಕೆಂಪಾಗಿದೆ, ಆದರೂ ವಾರಗಟ್ಟಲೆ ಮೊಟ್ಟೆ ಕಾಣುತ್ತಿಲ್ಲ ಅಂದರೆ ಅದು ಎಲ್ಲೋ ಕದ್ದು ಇಡುತ್ತಿದೆ. ಕಾಡುಕೋಳಿಯ ಆ ಒಂದು ಬುದ್ಧಿಯನ್ನು ಯಾವ ಪ್ರಯೋಗ ಕೇಂದ್ರವೂ ನಾಟಿ ಹ್ಯಾಟೆಯಿಂದ ಬಿಡಿಸಿಲ್ಲ. ಹುಲ್ಲಿನ ಬಣವೆಯ ಹಿಂದೆ, ಲಂಟಾನ ಪೊದೆಯ ಬುಡದಲ್ಲಿ, ಪಕ್ಕದ ಮನೆಯ ಅಟ್ಟದ ಮೇಲೆ. ಮೊಟ್ಟೆ ಬಂದಿದೆ ಅಂತ ಬೆರಳಿಗೆ ಗೊತ್ತಾದ ದಿನ ಹ್ಯಾಟೆಯನ್ನು ಮಂಕರಿಯಲ್ಲೇ ಕವುಚಿಟ್ಟು ಮಧ್ಯಾಹ್ನದ ಮೇಲೆ ಬಿಡುತ್ತಾರೆ. ಇಲ್ಲವೇ ಬೆಳಗ್ಗೆಯೇ ಬಿಟ್ಟು, ಶಾಲೆಗೆ ರಜೆ ಇರುವ ಮಕ್ಕಳನ್ನು ಅದರ ಹಿಂದೆ ಕಳಿಸುತ್ತಾರೆ. ಕೆಲವು ಸಲ ಮಕ್ಕಳು ಲಂಗದ ಮಡಿಲಲ್ಲಿ ಒಂದು ಡಜನ್ ತುಂಬಿಕೊಂಡು ಬರುವುದುಂಟು.